ಮನಿ ಖಾಲಿ ಇದ್ರೂ ಕಂತು ತುಂಬಬೇಕು: ನವನಗರದ ಬಾಡಿಗಿ ಮನಿ, ನನ್ನ ಅನುಭವ

ನಾನು ಪಗಾರದ ಮ್ಯಾಲ ಬದುಕೋ ಮನುಷ್ಯಾ. 2021ರ ಸಪ್ಟೆಂಬರ್‌ದಾಗ ಬಾಗಲಕೋಟಿ ನವನಗರದಾಗ 30×40 ಜಾಗಾದಾಗಿನ ಒಂದು ಹಳೆ ಮನಿ 27 ಲಕ್ಷಕ್ಕ ತಗೊಂಡೆ, ಕೆಳಗೊಂದು ಮ್ಯಾಲೊಂದು ಪೋರ್ಷನ್, ಎರಡೂ ಬಾಡಿಗಿಗೆ ಕೊಡಾಕಂತನ. ಅದಕ್ಕೂ ಮೊದ್ಲ ಊರ ಹೊರಗ ಗುಂಟೆ ಪ್ಲಾಟ್ (ಹೊಲಾನ ಗುಂಟೆ ಲೆಕ್ಕದಾಗ ತುಂಡು ಮಾಡಿ ಮಾರೂ ಜಾಗಾ) ಭಾಳ ಅಗ್ಗ ಸಿಗ್ತಿದ್ದು, ಆದ್ರ ಎನ್‌ಎ ಆಗಿಲ್ಲದ, ಅಂದ್ರ ಕಾಗದದಾಗ ಇನ್ನೂ ಹೊಲಾನ ಇರೋ ಜಾಗಾಕ್ಕ ಬ್ಯಾಂಕ್ ಸಾಲ ಕೊಡಂಗಿಲ್ಲ, ನಾಳೆ ನಾ ಮಾರಾಕ ಹೋದ್ರೂ ತಗೊಳ್ಳಾಂವಗ ಅದ ತ್ರಾಸು, ಹಿಂಗಾಗಿ ಬಿಟ್ಟೆ.

ಸಾಲ 30 ಲಕ್ಷದ ಒಳಗಿದ್ರ ಮನಿ ಕಿಮ್ಮತ್ತಿನ 90% ತನಕ ಕೊಡಾಕ ಆರ್‌ಬಿಐ ನಿಯಮದಾಗ ಅವಕಾಶ ಐತಿ. ಬ್ಯಾಂಕಿನವ್ರು 24 ಲಕ್ಷ ತಗೋರಿ ಸರ್ ಅಂದ್ರು, ನಾ 20ಕ್ಕ ನಿಂತೆ. ಯಾಕಂದ್ರ 20 ಲಕ್ಷಕ್ಕ 6.7% ಬಡ್ಡಿ, 20 ವರ್ಷ ಅಂದ್ರ ಇಎಂಐ (ತಿಂಗಳಾ ಕಂತು) 15,148 ಬರ್ತಿತ್ತು, ಎರಡೂ ಪೋರ್ಷನ್ ಕೂಡಿ ಬಾಡಿಗಿ 8,500. ಮನಿ ತುಂಬಿದ್ರೂ ತಿಂಗಳಾ 6,600 ಪಗಾರದಾಗಿಂದ ಹಾಕಬೇಕು, ಖಾಲಿ ಬಿದ್ರ ಪೂರ್ತಿ ನಂದ. ಬಾಡಿಗೀಲೇ ಸಾಲ ತೀರತೈತಿ ಅಂತ ಏಜೆಂಟ್ರು ಹೇಳ್ತಾರ, ನಮ್ಮ ಊರಿನ ಬಾಡಿಗಿಗೆ ಆ ಲೆಕ್ಕ ಕೂಡಂಗಿಲ್ರಿ.

ಕೈಯಿಂದ 7 ಲಕ್ಷ, ಮ್ಯಾಲ ಸ್ಟಾಂಪು ರಜಿಸ್ಟ್ರಿ ಕೂಡಿ 6.6%, ಅಂದ್ರ 1.78 ಲಕ್ಷ. ಇದನ್ನ ಬ್ಯಾಂಕು ಮನಿ ಕಿಮ್ಮತ್ತಿನಾಗ ಹಿಡಿಯಂಗಿಲ್ಲ. 2025ರ ಆಗಸ್ಟ್ ಕಡೀಕ ರಜಿಸ್ಟ್ರೇಷನ್ ಫೀ 1ರಿಂದ 2% ಆತು, ಈಗ ತಗೊಳ್ಳಾವ್ರು 7.6% ಹಿಡೀರಿ. ನನ್ನ ಖರೀದಿಗೆ ಕೈಯಾಗಿನ ರೊಕ್ಕ 2 ಲಕ್ಷ ಕಡಿಮಿ ಬಿತ್ತು. ಪರಿಚಯದಾವ್ರೊಬ್ರು 2 ರೂಪಾಯಿ ಬಡ್ಡಿಲೆ ಕೊಡ್ತೀನಿ ಅಂದ್ರು, ಕೇಳಾಕ ಸಣ್ಣದು ಅನಸ್ತೈತಿ, ಆದ್ರ ಅದು ವರ್ಷಕ್ಕ 24%, ತಿಂಗಳಾ 4,000 ಬಡ್ಡಿ, ಅಂದ್ರ ಮ್ಯಾಲಿನ ಪೋರ್ಷನ್ನಿನ ಬಾಡಿಗಿ ಪೂರಾ ಅವ್ರಿಗೇ. ಬ್ಯಾಡ ಅಂದು, ಮಾಲಕರಿಗೆ ಸಂಚಕಾರ ಕೊಟ್ಟು 3 ತಿಂಗಳ ಟೈಮ್ ಕೇಳಿದೆ, ಅಷ್ಟರಾಗ ನನ್ನ ಭಿಶಿ (ಚೀಟಿ) ರೊಕ್ಕ ಬಂತು.

ಆ 3 ತಿಂಗಳು ಇನ್ನೊಂದಕ್ಕೂ ಉಪಯೋಗ ಆತು. 30 ವರ್ಷದ ಇಸಿ (ಜಾಗಾದ ಮ್ಯಾಲಿನ ಋಣಭಾರ ತೋರ್ಸೋ ಪತ್ರ) ತಗಸಿದ್ರ ಯಾವುದೋ ಸೊಸೈಟಿಯ ಹಳೆ ಬೋಜಾ, ಅಂದ್ರ ಸಾಲದ ಭಾರ, ಹಂಗ ಕುಂತಿತ್ತು. ಸಾಲ ತೀರಿಸೀವಿ ಅಂತ ಮಾಲಕರು ಹೇಳಿದ್ರು, ಖರೇನೂ ಇತ್ತು, ಆದ್ರ ಕಾಗದದಾಗ ಇಲ್ಲಲ್ಲ. ಬೋಜಾ ಕಾಗದದಾಗಿಂದ ತಗಸಿದ ಮ್ಯಾಲನ ಖರೀದಿ ಅಂತ ಗಟ್ಟಿ ಹಿಡದೆ.

ಇಷ್ಟೆಲ್ಲಾ ನೋಡಿದ್ರೂ ಬಡ್ಡಿ ಏರಿದ್ರ ಏನಾಗತೈತಿ ಅನ್ನೋದು ನಾ ಕೂಡಿಸಿರಲಿಲ್ಲ. 2022ರ ಮೇದಾಗ ರೆಪೋ (ಆರ್‌ಬಿಐ ಬ್ಯಾಂಕುಗಳಿಗೆ ಕೊಡೋ ಸಾಲದ ಬಡ್ಡಿ) 4%ರಿಂದ ಏರಾಕ ಸುರು ಆಗಿ 2023ರ ಫೆಬ್ರವರಿಗೆ 6.5% ಆತು, ಅದರ ಜೋಡಿ ನನ್ನ ಸಾಲದ ಬಡ್ಡಿನೂ 6.7 ಹೋಗಿ 9.2 ಆತು. ಇಎಂಐ ಮಾತ್ರ ಅಷ್ಟ ಕಟ್ ಆಗ್ತಿತ್ತು, ಹಂಗಾಗಿ ನಮಗ ಗೊತ್ತ ಆಗಲಿಲ್ಲ. ಒಂದ್ ರಾತ್ರಿ ಊಟಾ ಆದಮ್ಯಾಲ ನಮ್ಮನಿಯಾಕಿ ಸ್ಟೇಟ್‌ಮೆಂಟ್ ಹಿಡ್ಕೊಂಡು ಬಂದು ಇದೇನ್ರಿ ಅಂದ್ಳು, ನೋಡಿದ್ರ 15,148ರಾಗ ಬಡ್ಡಿಗೆ 14,900 ಚಿಲ್ಲರೆ, ಅಸಲಿಗೆ ಬರೇ 200 ಚಿಲ್ಲರೆ. ಹೊಟ್ಟ್ಯಾಗ ಕಲಸಿದಂಗಾತು. ಹಿಂಗ ನಡದ್ರ ನಾ ರಿಟೈರ್ ಆದ್ರೂ ತೀರಂಗಿಲ್ಲ.

ಬಡ್ಡಿ ಬದಲಾದಾಗ ಇಎಂಐ ಏರಿಸ್ಬೇಕೋ ಅವಧಿ ಏರಿಸ್ಬೇಕೋ ಅಂತ ಗ್ರಾಹಕರನ್ನ ಕೇಳಬೇಕು ಅಂತ 2023ರ ಆಗಸ್ಟ್‌ದಾಗ ಆರ್‌ಬಿಐ ಹೇಳ್ತು. ನಾ ಬ್ರ್ಯಾಂಚಿಗೆ ಹೋಗಿ ಬರದು ಕೊಟ್ಟು ಇಎಂಐ 18,250 ಮಾಡಿಸ್ಕೊಂಡೆ, ಬೋನಸ್ ಬಂದಾಗ 1 ಲಕ್ಷ ಅಸಲಿಗೆ ತುಂಬಿದೆ, ಫ್ಲೋಟಿಂಗ್ (ಬಡ್ಡಿ ಏರಿಳಿಯೋ) ಮನಿ ಸಾಲಕ್ಕ ಅವಧಿಗಿಂತ ಮೊದ್ಲ ತುಂಬಿದ್ರ ದಂಡ ಇಲ್ಲ. 2025ರಾಗ ಬಡ್ಡಿ ಇಳೀತು, ನಾ ಕಂತು ಇಳಿಸಿಲ್ಲ.

6 ಕಂತಿನಷ್ಟು ರೊಕ್ಕ ಬ್ಯಾರೆ ಎಫ್‌ಡಿಯಾಗ ಐತಿ, ಬಾಡಿಗಿಯವ್ರ ಡಿಪಾಜಿಟ್ಟಿಗೆ ಬ್ಯಾರೆ ಖಾತೆ, ಅದನ್ನ ಮುಟ್ಟಂಗಿಲ್ಲ. ಮ್ಯಾಲಿನ ಪೋರ್ಷನ್ನಿನ ಹುಡುಗ್ರು ಪರೀಕ್ಷಾ ಮುಗಿಸಿ ಹೋದ್ರು, ಕಾಲೇಜ್ ಸುರು ಆಗೂತನಕ ಖಾಲಿನ ಇರ್ತೈತಿ, ಈ ಐತವಾರ ಸುಣ್ಣ ಹಚ್ಚಾಕ ಹೇಳೀನಿ.