ಹಕ್ಕಿನ ಜೊತೆಗೆ ಹೊಣೆಗಾರನನ್ನೂ ಗುರುತಿಸುವ ಪಾಠ

ವಿಶ್ವವಿದ್ಯಾಲಯದ ಸ್ನಾತಕೋತ್ತರ ತರಗತಿಗೆ ಮಾನವ ಹಕ್ಕುಗಳ ಪತ್ರಿಕೆಯನ್ನು ಬೋಧಿಸಲು ತೊಡಗಿದಾಗ ನನ್ನ ಕೈಗೆ ಬಂದ ಪಠ್ಯಕ್ರಮ ಕಾಲಾನುಕ್ರಮದಲ್ಲಿತ್ತು. ಮೊದಲು ವಿಶ್ವಸಂಸ್ಥೆಯ 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ, ನಂತರ 1966ರ ಎರಡು ಅಂತರರಾಷ್ಟ್ರೀಯ ಒಡಂಬಡಿಕೆಗಳು, ಆಮೇಲೆ ಮಹಿಳೆಯರ, ಮಕ್ಕಳ ಮತ್ತು ಅಂಗವಿಕಲರ ಹಕ್ಕುಗಳ ಒಡಂಬಡಿಕೆಗಳು. ಘೋಷಣೆಯ 30 ವಿಧಿಗಳನ್ನು ತಪ್ಪಿಲ್ಲದೆ ಒಪ್ಪಿಸಬಲ್ಲ ವಿದ್ಯಾರ್ಥಿಗಳೂ, ಅಂಗವಿಕಲ ಮಗುವೊಂದಕ್ಕೆ ಖಾಸಗಿ ಶಾಲೆ ಪ್ರವೇಶ ನಿರಾಕರಿಸಿದ ಪ್ರಸಂಗವನ್ನು ಮುಂದಿಟ್ಟರೆ, ‘ಇದು ಅನ್ಯಾಯ’ ಎಂದು ಹೇಳಿ ಸುಮ್ಮನಾಗುತ್ತಿದ್ದರು. ಆದ್ದರಿಂದ ನಾನು ಕ್ರಮವನ್ನು ತಿರುವುಮುರುವು ಮಾಡಿದೆ. ಮೊದಲು ಪ್ರಸಂಗ, ಬಳಿಕ ವಿಧಿ. ಇತಿಹಾಸ ಅಗತ್ಯ ಬಿದ್ದಲ್ಲಿ ಮಾತ್ರ.

ಪ್ರತಿ ಪ್ರಸಂಗಕ್ಕೂ ಮೂರು ಪ್ರಶ್ನೆಗಳನ್ನು ಕೇಳುವ ರೂಢಿ ಬೆಳೆಸಿದೆ: ಹಕ್ಕು ಯಾರದು, ಅದಕ್ಕೆ ಹೊಣೆ ಯಾರು, ಆ ಹೊಣೆ ಈಡೇರಿಲ್ಲ ಎನ್ನಲು ಸಾಕ್ಷ್ಯ ಏನು. ಎರಡನೆಯ ಪ್ರಶ್ನೆಯಲ್ಲಿಯೇ ಹೆಚ್ಚಿನ ಸಮಯ ಹೋಗುತ್ತದೆ, ಹೋಗಲೂಬೇಕು. ಸರ್ಕಾರದ ಹೊಣೆಯನ್ನು ಹಕ್ಕನ್ನು ತಾನೇ ಉಲ್ಲಂಘಿಸದೆ ಗೌರವಿಸುವುದು, ಇತರರು ಉಲ್ಲಂಘಿಸದಂತೆ ರಕ್ಷಿಸುವುದು, ಅಗತ್ಯ ಕ್ರಮ ಕೈಗೊಂಡು ಈಡೇರಿಸುವುದು ಎಂದು ಮೂರಾಗಿ ವಿಂಗಡಿಸಿ ನೋಡಿದಾಗ, ಬಾಗಿಲು ಮುಚ್ಚಿದ್ದು ಖಾಸಗಿ ಶಾಲೆಯಾದರೂ ಅದನ್ನು ತಡೆಯದ ಸರ್ಕಾರವೂ ಉತ್ತರ ಹೇಳಬೇಕು ಎಂಬುದು ವಿದ್ಯಾರ್ಥಿಗಳಿಗೆ ತಾನಾಗಿಯೇ ಹೊಳೆಯುತ್ತದೆ. ಶಿಕ್ಷಣದ ಹಕ್ಕಿನ ಕುರಿತು ವಿಶ್ವಸಂಸ್ಥೆಯ ಸಂಬಂಧಪಟ್ಟ ಸಮಿತಿ 1999ರಲ್ಲಿ ಹೊರಡಿಸಿದ 13ನೆಯ ಸಾಮಾನ್ಯ ವ್ಯಾಖ್ಯಾನ (ಒಡಂಬಡಿಕೆಯ ವಿಧಿಯ ಅರ್ಥವನ್ನು ಸಮಿತಿ ಬಿಡಿಸಿ ಹೇಳುವ ದಾಖಲೆ) ಇಲ್ಲಿ ಬಹಳ ನೆರವಾಯಿತು. ಶಾಲೆ ಇದೆಯೇ, ಎಲ್ಲರಿಗೂ ಎಟಕುತ್ತದೆಯೇ, ಅಲ್ಲಿನ ಕಲಿಕೆ ಒಪ್ಪತಕ್ಕದ್ದೇ, ಮಗುವಿನ ಅಗತ್ಯಕ್ಕೆ ಅದು ಹೊಂದಿಕೊಳ್ಳುತ್ತದೆಯೇ ಎಂಬ ಅದರ ನಾಲ್ಕು ಅಳತೆಗೋಲುಗಳನ್ನು ಹಿಡಿದು ಹೊರಟರೆ, ದೂರು ಯಾವ ಅಂಶದ ಮೇಲೆ ನಿಲ್ಲುತ್ತದೆ ಎಂಬುದು ನಿಖರವಾಗಿ ತಿಳಿಯುತ್ತದೆ.

ತರಗತಿಯಲ್ಲಿ ಪದೇ ಪದೇ ಎದುರಾಗುವ ಆಕ್ಷೇಪ ಹಣದ್ದು: ಬಡ ರಾಷ್ಟ್ರವೊಂದು ಎಲ್ಲ ಹಕ್ಕುಗಳನ್ನೂ ಒಮ್ಮೆಗೇ ಹೇಗೆ ಪೂರೈಸೀತು? ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳ ಒಡಂಬಡಿಕೆಯ 2ನೆಯ ವಿಧಿ, ಲಭ್ಯವಿರುವ ಸಂಪನ್ಮೂಲಗಳನ್ನು ಗರಿಷ್ಠ ಮಟ್ಟದಲ್ಲಿ ಬಳಸಿ ಹಂತಹಂತವಾಗಿ ಮುನ್ನಡೆಯಬೇಕೆನ್ನುತ್ತದೆಯೇ ಹೊರತು, ತಾರತಮ್ಯ ಮಾಡಲು ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ. ಅದೇ ಸಮಿತಿಯ 1990ರ 3ನೆಯ ಸಾಮಾನ್ಯ ವ್ಯಾಖ್ಯಾನವಂತೂ ಪ್ರತಿ ಹಕ್ಕಿಗೂ ಒಂದು ಕನಿಷ್ಠ ತಿರುಳು, ಅಂದರೆ ಮೊದಲು ಪೂರೈಸಬೇಕಾದ ಮೂಲಭಾಗ, ಉಂಟೆಂದು ಹೇಳಿ, ಅದನ್ನೂ ಪೂರೈಸಲಾಗದ ಸರ್ಕಾರ ಲಭ್ಯ ಸಂಪನ್ಮೂಲಗಳನ್ನೆಲ್ಲ ಬಳಸಲು ಸರ್ವಪ್ರಯತ್ನ ಮಾಡಿದ್ದನ್ನು ತೋರಿಸಬೇಕೆಂದು ವಿಧಿಸುತ್ತದೆ. ಈ ಒಂದು ಅಂಶದಿಂದಾಗಿ ನನ್ನ ವಿದ್ಯಾರ್ಥಿಗಳು ಆಯವ್ಯಯ ಪತ್ರ ಓದುವುದನ್ನು ಕಲಿಯಬೇಕಾಯಿತು. ಕಾನೂನು ಓದಿದವರಿಗೆ ಇದು ಬೇಸರದ ಕೆಲಸ. ಆದರೆ ಮಂಜೂರಾದ ಮೊತ್ತ, ಬಿಡುಗಡೆಯಾದ ಮೊತ್ತ, ನಿಜವಾಗಿ ಖರ್ಚಾದ ಮೊತ್ತ ಇವುಗಳ ನಡುವಿನ ಅಂತರವನ್ನು ಗುರುತಿಸಲಾರದ ಸಂಶೋಧಕರು ಸಾಮಾಜಿಕ ಹಕ್ಕುಗಳ ಬಗ್ಗೆ ಪ್ರಬಂಧ ಬರೆಯುವುದರಲ್ಲಿ ನನಗೆ ಹುರುಳು ಕಾಣುವುದಿಲ್ಲ.

ಸಂಶೋಧನೆಗೆ ಇಳಿಯುವ ಮೊದಲು ಮೂರು ದಾಖಲೆಗಳನ್ನು ಅಕ್ಕಪಕ್ಕ ಇಟ್ಟು ಓದಿಸುತ್ತೇನೆ: ಒಡಂಬಡಿಕೆಯ ಸಮಿತಿಗೆ ಸರ್ಕಾರ ಸಲ್ಲಿಸಿದ ವರದಿ, ಅದೇ ಅವಧಿಗೆ ನಾಗರಿಕ ಸಂಘಟನೆಗಳು ಕೊಟ್ಟ ಪರ್ಯಾಯ ವರದಿ, ಕೊನೆಗೆ ಸಮಿತಿಯ ಅಭಿಪ್ರಾಯ. ಸರ್ಕಾರ ಯೋಜನೆಗಳ ಪಟ್ಟಿ ಕೊಡುವಲ್ಲಿ ಸಂಘಟನೆಗಳು ಫಲಿತಾಂಶ ಕೇಳುತ್ತವೆ. ಸಂಘಟನೆಗಳೂ ಕೆಲವೊಮ್ಮೆ ಒಂದೆರಡು ಪ್ರಕರಣಗಳಿಂದ ಇಡೀ ದೇಶದ ಚಿತ್ರ ಬರೆದುಬಿಡುತ್ತವೆ. ಎರಡನ್ನೂ ಸಂಶಯದಿಂದ ಓದಲು ಕಲಿತವರೇ ಒಳ್ಳೆಯ ಪ್ರಶ್ನಾವಳಿ ರಚಿಸುತ್ತಾರೆ.

ಕ್ಷೇತ್ರಕಾರ್ಯದಲ್ಲಿ ನಾನು ಅತ್ಯಂತ ಬಿಗಿಯಾಗಿರುವುದು ಸಂದರ್ಶನ ಕೊಡುವವರ ಒಪ್ಪಿಗೆಯ ವಿಷಯದಲ್ಲಿ. ಸಂಶೋಧನೆಯನ್ನು ಪರಿಶೀಲಿಸುವ ನೈತಿಕತಾ ಸಮಿತಿಯ ನಮೂನೆಗೆ ಸಹಿ ಪಡೆದರೆ ಕೆಲಸ ಮುಗಿಯಿತೆಂಬ ಭಾವನೆ ವಿದ್ಯಾರ್ಥಿಗಳಲ್ಲಿ ಸಾಮಾನ್ಯ. ಅಧಿಕಾರಕ್ಕೆ ಹೆದರಿರುವ ವ್ಯಕ್ತಿಗೆ ಸಹಿಯೇ ಒಂದು ಅಪಾಯವಾಗಬಹುದು. ಅಂಥಲ್ಲಿ ಮೌಖಿಕ ಒಪ್ಪಿಗೆ ಪಡೆದು, ಅದನ್ನು ಪಡೆದ ಬಗೆಯನ್ನು ಸಂಶೋಧಕರು ಟಿಪ್ಪಣಿ ಮಾಡಿಕೊಂಡರೆ ಸಾಕೆಂದು ಸಮಿತಿಗೆ ಮನವರಿಕೆ ಮಾಡಿಕೊಟ್ಟೆವು. ಹೆಸರು ಅಳಿಸಿದ ಮಾತ್ರಕ್ಕೆ ಗುರುತು ಮರೆಯಾಗುವುದಿಲ್ಲ. ಊರು, ಉದ್ಯೋಗ, ವಯಸ್ಸು ಮೂರೂ ಒಟ್ಟಿಗೆ ಇದ್ದರೆ ನೆರೆಯವರು ಸುಲಭವಾಗಿ ಊಹಿಸುತ್ತಾರೆ. ಹೇಳಿಕೆಯೊಂದು ಆಗಲೇ ನಂಬಲರ್ಹ ದಾಖಲೆಯಲ್ಲಿದ್ದರೆ ಅದೇ ನೋವನ್ನು ಮತ್ತೊಮ್ಮೆ ಹೇಳಿಸಬಾರದು. ಚಿತ್ರಹಿಂಸೆಯ ದಾಖಲೀಕರಣಕ್ಕೆ 1999ರ ಇಸ್ತಾಂಬುಲ್ ಪ್ರೋಟೊಕಾಲ್ ಎಂಬ ವಿಶ್ವಸಂಸ್ಥೆಯ ಕೈಪಿಡಿ ವೈದ್ಯಕೀಯ ಮತ್ತು ಕಾನೂನು ಪರಿಣತಿಯನ್ನು ಅಪೇಕ್ಷಿಸುತ್ತದೆ. ಅಂತಹ ಸಂದರ್ಶನಕ್ಕೆ ತರಬೇತಿಯಿಲ್ಲದ ವಿದ್ಯಾರ್ಥಿಗಳನ್ನು ನಾನು ಕಳುಹಿಸುವುದೇ ಇಲ್ಲ.

ಮಾನವ ಹಕ್ಕುಗಳ ಶಿಕ್ಷಣ ಮತ್ತು ತರಬೇತಿಯ ಕುರಿತು ವಿಶ್ವಸಂಸ್ಥೆ 2011ರಲ್ಲಿ ಅಂಗೀಕರಿಸಿದ ಘೋಷಣೆಯು ಹಕ್ಕುಗಳ ಬಗ್ಗೆ ಕಲಿಸುವುದರ ಜೊತೆಗೆ, ಕಲಿಸುವ ರೀತಿಯೂ ಕಲಿಯುವವರ ಹಕ್ಕುಗಳನ್ನು ಗೌರವಿಸುವಂತಿರಬೇಕು ಎನ್ನುತ್ತದೆ. ಇದನ್ನು ಗಂಭೀರವಾಗಿ ತೆಗೆದುಕೊಂಡರೆ ಮೊದಲ ಸಂಶೋಧನಾ ಕ್ಷೇತ್ರ ನಮ್ಮ ಆವರಣವೇ ಆಗುತ್ತದೆ. 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯಲ್ಲಿ ಸುಗಮ ಪ್ರವೇಶದ ಬಗ್ಗೆ ಹೇಳುವ 9ನೆಯ ವಿಧಿಯನ್ನು ಹಿಡಿದುಕೊಂಡು ವಿದ್ಯಾರ್ಥಿಗಳು ಗ್ರಂಥಾಲಯದ ಮೆಟ್ಟಿಲು, ಶೌಚಾಲಯ, ಜಾಲತಾಣ, ಪರೀಕ್ಷಾ ಕೊಠಡಿಗಳನ್ನು ಪರಿಶೀಲಿಸಿ ವರದಿ ಬರೆದರು. ಆಡಳಿತಕ್ಕೆ ಅದು ಹಿತವೆನಿಸಲಿಲ್ಲ. ಇದು ಚಳವಳಿಯೇ ಹೊರತು ಸಂಶೋಧನೆಯಲ್ಲ ಎಂದು ಕೆಲವು ಸಹೋದ್ಯೋಗಿಗಳೂ ಹೇಳಿದರು. ಅವರ ಅನುಮಾನ ಪೂರ್ತಿ ನಿರಾಧಾರವೇನಲ್ಲ. ಅದಕ್ಕಾಗಿಯೇ ಈಗ ಪ್ರತಿ ಪ್ರಬಂಧದಲ್ಲೂ ಸಂಶೋಧಕರ ನಿಲುವಿಗೆ ವಿರುದ್ಧವಾಗಿ ದೊರೆತ ಸಾಕ್ಷ್ಯಕ್ಕೆ ಒಂದು ಪ್ರತ್ಯೇಕ ಅಧ್ಯಾಯ ಕಡ್ಡಾಯ, ಮತ್ತು ಮೌಖಿಕ ಪರೀಕ್ಷೆಯಲ್ಲಿ ನನ್ನ ಮೊದಲ ಪ್ರಶ್ನೆ ಆ ಅಧ್ಯಾಯದಿಂದಲೇ ಬರುತ್ತದೆ.