ಪುಂಡಿಪಲ್ಯ ಯಾವ ಪಾತ್ರೆಯಲ್ಲಿ ಕುದಿಸಬೇಕು?

ಪುಂಡಿಪಲ್ಯ ಹುಳಿ ಸೊಪ್ಪು, ಸ್ಟೀಲ್ ಪಾತ್ರೆಯಲ್ಲಿ ಕುದಿಸಿ, ಅಲ್ಯೂಮಿನಿಯಂ ಪಾತ್ರೆಯಲ್ಲಿ ಕುದಿಸಬೇಡಿ. ಕಲಾಯಿ ಹೋದ ಹಿತ್ತಾಳೆಯಲ್ಲಂತೂ ಬೇಡವೇ ಬೇಡ. ಯಾಕೆ ಅಂತ ಸೊಸೆಯಂದಿರು ಕೇಳುತ್ತಾರೆ, ಕೇಳಲಿ ಬಿಡಿ, ಸುಮ್ನೆ ತಲೆಯಾಡಿಸುವುದಕ್ಕಿಂತ ಅದೇ ಒಳ್ಳೆಯದು.

ಲೋಹ ತನ್ನ ಹೊರಗಿನ ಎಲೆಕ್ಟ್ರಾನ್ ಬಿಟ್ಟುಕೊಟ್ಟಾಗಲೇ ತುಕ್ಕು ಹಿಡಿಯುವುದು, ಹುಳಿಯಲ್ಲಿ ಕರಗುವುದು. ಕೆಲವು ಬೇಗ ಕೊಡುತ್ತವೆ, ಕೆಲವು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಅಡುಗೆಮನೆ ಮಟ್ಟಿಗೆ ಸಾಲು ಹೀಗಿದೆ: ಅಲ್ಯೂಮಿನಿಯಂ ಎಲ್ಲಕ್ಕಿಂತ ಚುರುಕು, ಆಮೇಲೆ ಸತು, ಕಬ್ಬಿಣ, ತವರ, ತಾಮ್ರ, ಬೆಳ್ಳಿ, ಕೊನೆಗೆ ಬಂಗಾರ. ನಮ್ಮ ಕಡೆಯೇ ನೋಡಿ, ಸಂಡೂರಿನ ಗುಡ್ಡದಲ್ಲಿ ಕಬ್ಬಿಣ ಆಕ್ಸಿಜನ್ ಜೊತೆ ಸೇರಿ ಕೆಂಪು ಅದಿರಾಗಿ ಕೂತಿದೆ, ಅದನ್ನು ಬಿಡಿಸಲು ತೋರಣಗಲ್ಲಿನಲ್ಲಿ ಅಷ್ಟು ದೊಡ್ಡ ಕುಲುಮೆ ಉರಿಯಬೇಕು. ಹಟ್ಟಿ ಗಣಿಯ ಬಂಗಾರ ಕಲ್ಲಿನೊಳಗೂ ಬಂಗಾರವಾಗಿಯೇ ಇರುತ್ತದೆ.

ಹಾಗಾದರೆ ಅಷ್ಟು ಚುರುಕಿನ ಅಲ್ಯೂಮಿನಿಯಂ ಕುಕ್ಕರ್ ಕರಗಿ ಹೋಗಬೇಕಿತ್ತಲ್ವಾ? ಹೋಗಲ್ಲ. ಗಾಳಿ ತಾಗಿದ ಕೂಡಲೇ ಅದರ ಮೇಲೆ ಆಕ್ಸೈಡಿನ ತೆಳು ಪದರ ಕೂರುತ್ತದೆ, ಅದೇ ಕಾವಲು. ಹುಣಸೆಹುಳಿಯಾಗಲಿ ವಾಷಿಂಗ್ ಸೋಡಾ ಆಗಲಿ ಆ ಪದರವನ್ನೇ ತಿನ್ನುತ್ತವೆ. ಅನ್ನ, ಬೇಳೆ ಬೇಯಿಸಿಕೊಳ್ಳಿ. ಸಾರಿಗೆ ಹುಳಿ ಹಿಂಡುವುದು ಸ್ಟೀಲ್ ಪಾತ್ರೆಗೆ ಬಗ್ಗಿಸಿದ ಮೇಲೆ.

ತಾಮ್ರ ಸೋಮಾರಿ ಲೋಹ, ಆದರೆ ಗಾಳಿ ಮತ್ತು ಹುಳಿ ಒಟ್ಟಿಗೆ ಸಿಕ್ಕರೆ ಅದೂ ಕರಗುತ್ತದೆ, ಹೊಟ್ಟೆ ತೊಳಸಿ ವಾಂತಿಯಾಗುತ್ತದೆ. ಹಿತ್ತಾಳೆಯೂ ತಾಮ್ರ, ಸತು ಬೆರೆತ ಲೋಹವೇ, ಅದಕ್ಕೂ ಇದೇ ಮಾತು. ತಾಮ್ರದ ಕೊಡದಲ್ಲಿ ನೀರಿಡಿ, ಮಜ್ಜಿಗೆ, ನಿಂಬೆ ಪಾನಕ ಬೇಡ. ಕಲಾಯಿ ಅಂದರೆ ತವರದ ಲೇಪ, ಒಳಗೆ ಹಳದಿ ಕಂಡ ದಿನವೇ ಮತ್ತೆ ಹಾಕಿಸಿ. ಕಲಾಯಿಯವರು ಈಗ ಓಣಿಗೆ ಬರುವುದು ಕಡಿಮೆ, ಹುಡುಕಿಕೊಂಡು ಹೋಗಬೇಕು.

ಕಬ್ಬಿಣದ ರೊಟ್ಟಿ ಹಂಚನ್ನು ತೊಳೆದು ಒದ್ದೆ ಬಿಡಬೇಡಿ. ಒಲೆ ಮೇಲೆ ಒಣಗಿಸಿ, ಬಿಸಿ ಇರುವಾಗಲೇ ಒಂದು ಹನಿ ಕುಸುಬೆ ಎಣ್ಣೆ ಸವರಿ. ಸತು ಬಳಿದ ಬಕೆಟ್ಟಿಗೆ ಮರಳು ಹಾಕಿ ತಿಕ್ಕಬೇಡಿ, ಸಣ್ಣ ಗೀರು ಬಿದ್ದರೂ ಕಬ್ಬಿಣಕ್ಕಿಂತ ಮೊದಲು ಸತುವೇ ಸವೆದು ಕಾಯುತ್ತದೆ, ಅದನ್ನೇ ಕೆರೆದು ತೆಗೆದರೆ ಉಳಿಯುವುದೇನು?

ಬೆಳ್ಳಿ ದೀಪ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದ ಅನಿಲದಿಂದ. ಪುಡಿ ಹಾಕಿ ತಿಕ್ಕಿದರೆ ಬೆಳ್ಳಿಯೂ ಸವೆಯುತ್ತದೆ. ಬದಲಿಗೆ ಪಾತ್ರೆಯ ತಳಕ್ಕೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಬಿಸಿನೀರು, ಅಡುಗೆ ಸೋಡಾ, ಉಪ್ಪು ಹಾಕಿ, ದೀಪ ಫಾಯಿಲ್‌ಗೆ ತಾಗುವಂತೆ ಇಡಿ. ಚುರುಕು ಲೋಹ ಎಲೆಕ್ಟ್ರಾನ್ ಕೊಡುತ್ತದೆ, ಗಂಧಕ ಬಿಟ್ಟು ಬೆಳ್ಳಿ ಬೆಳ್ಳಿಯಾಗುತ್ತದೆ. ಕೊಳೆತ ಮೊಟ್ಟೆ ವಾಸನೆ ಬಂದರೆ ಗಾಬರಿ ಬೇಡ, ಕಿಟಕಿ ತೆಗೆಯಿರಿ. ಹರಳು ಕೂರಿಸಿದ ಒಡವೆಗೆ ಮಾತ್ರ ಇದನ್ನು ಮಾಡಬೇಡಿ.