ಪಂಚಾಂಗ ನೋಡಿ ಅಂಡಮಾನಿಗೆ ಹೋಗಿ ಬಂದದ್ದು: ನನ್ನ ಅನುಭವ

ವಿಮಾನದ ಟಿಕೆಟ್ ಮೊದಲು ಕಾದಿರಿಸಿ, ಆಮೇಲೆ ವಸತಿ, ಕೊನೆಗೆ ದ್ವೀಪದಿಂದ ದ್ವೀಪಕ್ಕೆ ಹೋಗುವ ಹಡಗು ಎಂಬ ಕ್ರಮದಲ್ಲಿಯೇ ಎಲ್ಲರೂ ಅಂಡಮಾನ್ ಪ್ರವಾಸವನ್ನು ಹೊಂದಿಸುತ್ತಾರೆ. ನಾನು ಇದನ್ನು ಪೂರ್ತಿ ತಿರುಗಿಸಿ, ಮೊದಲು ತಿಥಿ, ಅದರ ಮೇಲೆ ಹಡಗು, ಅದಕ್ಕೆ ತಕ್ಕಂತೆ ವಸತಿ, ಎಲ್ಲ ಮುಗಿದ ಮೇಲೆ ವಿಮಾನ ಎಂದು ಯೋಜಿಸಿದಾಗ ನಮ್ಮ ಮನೆಯಲ್ಲಿಯೇ ಯಾರೂ ಒಪ್ಪಲಿಲ್ಲ. ಪಂಚಾಂಗವನ್ನು ಮುಂದಿಟ್ಟುಕೊಂಡು ಸಮುದ್ರಸ್ನಾನದ ದಿನಗಳನ್ನು ಗುರುತು ಹಾಕುತ್ತಿದ್ದ ನನ್ನನ್ನು ನೋಡಿ, ಎರಡು ಸಲ ಅಲ್ಲಿಗೆ ಹೋಗಿ ಬಂದಿದ್ದ ನನ್ನ ಭಾವನವರು, ಏಜೆಂಟರಿಗೆ ಹಣ ಕೊಟ್ಟು ನಿಶ್ಚಿಂತೆಯಾಗಿರುವುದೇ ಲೇಸು ಎಂದು ಮೂರು ಬಾರಿ ಹೇಳಿದರು. 2024ರ ಮಾರ್ಚ್ 9ರಿಂದ 17ರವರೆಗೆ ನಾವು ನಾಲ್ವರು, ಅಂದರೆ ನಾನು, ನನ್ನ ಹೆಂಡತಿ, ಕಾಲೇಜಿಗೆ ಹೋಗುವ ಮಗಳು ಮತ್ತು 71 ವರ್ಷದ ಅಮ್ಮ, ಹೋಗಿ ಸುಖವಾಗಿ ಹಿಂದಿರುಗಿದ ಮೇಲೆ ಈಗ ಅದೇ ಭಾವನವರು ತಮ್ಮ ಗೆಳೆಯರಿಗೆ ನನ್ನ ಲೆಕ್ಕದ ಪುಸ್ತಕವನ್ನು ಕೇಳಿ ಒಯ್ದಿದ್ದಾರೆ. ಆದ್ದರಿಂದ ಇಷ್ಟನ್ನು ಬರೆದಿಡುವುದು ಸೂಕ್ತವೆನಿಸಿತು.

ಮೊದಲು ಸೋತ ಕಥೆಯನ್ನು ಹೇಳಬೇಕು. ನಾನು ಶಿವಮೊಗ್ಗ ಜಿಲ್ಲೆಯ ಸಾಗರ ಸೀಮೆಯ ಅಡಿಕೆ ಬೆಳೆಗಾರ. 2022ರ ಡಿಸೆಂಬರ್ ಕೊನೆಗೆ ಹೋಗುವುದೆಂದು ನಿಶ್ಚಯಿಸಿ, ದರ ಕಡಿಮೆ ಸಿಕ್ಕಿತೆಂಬ ಸಂತೋಷದಲ್ಲಿ ಆಗಸ್ಟಿನಲ್ಲಿಯೇ ನಾಲ್ಕು ವಿಮಾನ ಟಿಕೆಟ್‌ಗಳನ್ನು ಕೊಂಡಿದ್ದೆ. ಆ ವರ್ಷ ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡರು ಸಿಗುವುದು ಎರಡು ವಾರ ತಡವಾಯಿತು. ಕೊಯ್ಲು, ಸುಲಿತ, ಬೇಯಿಸುವುದು ಎಲ್ಲವೂ ಒಟ್ಟೊಟ್ಟಿಗೆ ಬಂದು, ಮನೆ ಬಿಟ್ಟು ಹೊರಡುವುದು ಅಸಾಧ್ಯವಾಯಿತು. ಅಗ್ಗದ ಟಿಕೆಟ್‌ಗಳನ್ನು ರದ್ದು ಮಾಡಿದರೆ ಮರಳಿ ಬರುವುದು ಎಷ್ಟೆಂಬುದು ತಿಳಿದೇ ಇದೆ. ಸುಮಾರು 26 ಸಾವಿರ ರೂಪಾಯಿ ಹೋಯಿತು. ಅದಲ್ಲದೆ ಅಂಡಮಾನಿನ ಹ್ಯಾವ್ಲಾಕ್ ದ್ವೀಪದಲ್ಲಿ ಮುಂಗಡ ಕೊಟ್ಟಿದ್ದ ಕೋಣೆಯ 4 ಸಾವಿರವೂ ಹೋಯಿತು. ಅಷ್ಟೂ ಹಣ ಹೋದದ್ದು ತಪ್ಪಾದ ತುದಿಯಿಂದ ಆರಂಭಿಸಿದ್ದರಿಂದಲೇ ಎಂಬುದು ನನಗೆ ಅರ್ಥವಾಗಲು ಒಂದು ಮಳೆಗಾಲ ಬೇಕಾಯಿತು.

ಆ ಮಳೆಗಾಲದಲ್ಲಿ ಒಬ್ಬ ಏಜೆಂಟರಿಂದ ದರಪಟ್ಟಿಯನ್ನೂ ತರಿಸಿದೆ. ನಾಲ್ವರಿಗೆ, ವಿಮಾನವೂ ಸೇರಿ, 5 ರಾತ್ರಿಗೆ 2 ಲಕ್ಷ 10 ಸಾವಿರ. ಅದರಲ್ಲಿದ್ದ ದಿನಚರಿಯನ್ನು ಓದಿದಾಗ ಮಧ್ಯಾಹ್ನ ಒಂದೂವರೆಗೆ ವಿಮಾನದಿಂದ ಇಳಿದು ಎರಡೂವರೆಗೆ ಹಡಗು ಹತ್ತಬೇಕೆಂದಿತ್ತು. ಹಿಂದಿರುಗುವಾಗಲೂ ಹ್ಯಾವ್ಲಾಕಿನಿಂದ ಬೆಳಿಗ್ಗೆ ಬಂದು ಅದೇ ಮಧ್ಯಾಹ್ನ ವಿಮಾನ ಹಿಡಿಯಬೇಕೆಂದಿತ್ತು. 2016ರ ಡಿಸೆಂಬರಿನಲ್ಲಿ ಹವಾಮಾನ ಕೆಟ್ಟು ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಹ್ಯಾವ್ಲಾಕ್ ಮತ್ತು ನೀಲ್ ದ್ವೀಪಗಳಲ್ಲಿ ದಿನಗಟ್ಟಲೆ ಸಿಕ್ಕಿಬಿದ್ದು, ಕೊನೆಗೆ ನೌಕಾಪಡೆಯ ಹಡಗುಗಳು ಹೋಗಿ ಕರೆತರಬೇಕಾಯಿತೆಂಬುದನ್ನು ಮರೆಯದ ಯಾರೂ ಇಂತಹ ದಿನಚರಿಯನ್ನು ಬರೆಯಲಾರರು. ಹಡಗು ನಿಂತರೆ ಅಲ್ಲಿ ಸಾಮಾನ್ಯ ಪ್ರವಾಸಿಗರಿಗೆ ಬೇರೆ ದಾರಿ ಸಿಗುವುದು ಕಷ್ಟ. ಆದ್ದರಿಂದ ಕೊನೆಯ ಎರಡು ರಾತ್ರಿಗಳನ್ನು ವಿಮಾನ ನಿಲ್ದಾಣವಿರುವ ಪೋರ್ಟ್ ಬ್ಲೇರಿನಲ್ಲಿ (ಈಗ ಅದಕ್ಕೆ ಶ್ರೀ ವಿಜಯ ಪುರಂ ಎಂಬ ಹೆಸರಾಗಿದೆ) ಖಾಲಿ ಬಿಡುವುದೆಂಬ ನಿಯಮವನ್ನು ಅಂದೇ ಪುಸ್ತಕದಲ್ಲಿ ಬರೆದುಕೊಂಡೆ.

ಇನ್ನು ತಿಥಿಯ ವಿಷಯ. ಹ್ಯಾವ್ಲಾಕಿನ ಪೂರ್ವದ ದಡದಲ್ಲಿ, ಅಂದರೆ 3ನೇ ಮತ್ತು 5ನೇ ನಂಬರಿನ ಊರುಗಳ ಕಡೆ, ಇಳಿತದ ಹೊತ್ತಿಗೆ ನೀರು ನೂರಾರು ಅಡಿ ಹಿಂದೆ ಸರಿದು, ಕಲ್ಲು ಮತ್ತು ಸತ್ತ ಹವಳ ಬಯಲಾಗುತ್ತದೆ. ಆಗ ಈಜುವುದಿರಲಿ, ಬರಿಗಾಲಿನಲ್ಲಿ ನಡೆಯುವುದೂ ಕಷ್ಟ. ಅಗ್ಗದ ವಸತಿಗಳು ಹೆಚ್ಚಾಗಿ ಇರುವುದು ಆ ಕಡೆಯಲ್ಲಿಯೇ. ಉಬ್ಬರ ಇಳಿತಗಳು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತವೆಂಬುದೂ, ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ದೊಡ್ಡದಾಗಿ, ಅಷ್ಟಮಿಯ ಆಸುಪಾಸಿನಲ್ಲಿ ಸಣ್ಣದಾಗಿ ಇರುತ್ತವೆಂಬುದೂ ಕರಾವಳಿಯ ಮೀನುಗಾರರಿಗೆ ಹೊಸತಲ್ಲ. ಸರ್ವೆ ಆಫ್ ಇಂಡಿಯಾದವರ ಉಬ್ಬರ ಇಳಿತದ ಪಟ್ಟಿಯನ್ನು ಪಂಚಾಂಗದೊಂದಿಗೆ ಹೋಲಿಸುತ್ತಾ ಕುಳಿತಾಗ ನನಗೆ ಸಿಕ್ಕ ಲೆಕ್ಕ ಇದು: ಪೋರ್ಟ್ ಬ್ಲೇರಿನ ಸುತ್ತ ಅಮಾವಾಸ್ಯೆಯ ದಿನ ಉಬ್ಬರವು ಬೆಳಿಗ್ಗೆ 10ರ ಸುಮಾರಿಗೆ, ಇಳಿತವು ಸಂಜೆ 4ರ ಸುಮಾರಿಗೆ ಬರುತ್ತದೆ. ಹಾಗಾದರೆ ಅಮಾವಾಸ್ಯೆಯಿಂದ ಪಂಚಮಿಯವರೆಗಿನ ದಿನಗಳಲ್ಲಿ ಬೆಳಗಿನ ಜಾವ ನೀರು ಇಳಿದಿರುತ್ತದೆ, ಹತ್ತರಿಂದ ಒಂದರವರೆಗೆ ತುಂಬಿರುತ್ತದೆ. ಬಂಡೆಗಳ ಮೇಲೆ ನಡೆದು ನೋಡಬೇಕಾದ್ದನ್ನು ಬೆಳಿಗ್ಗೆಯೇ ನೋಡಬಹುದು. ನೀರಿಗೆ ಇಳಿಯುವುದನ್ನು ನಡುಹಗಲಿಗೆ ಇಟ್ಟುಕೊಳ್ಳಬಹುದು. ಅಷ್ಟಮಿಗೆ ಹೋದವರಿಗೆ ತಿಂಡಿ ಮುಗಿಸಿ ಬರುವ ಹೊತ್ತಿಗೆ ನೀರು ಓಡಿಹೋಗಿರುತ್ತದೆ. ಭಾವನವರು ಹ್ಯಾವ್ಲಾಕಿನಲ್ಲಿ ಈಜಲು ಏನೂ ಇಲ್ಲವೆಂದು ಹೇಳಿದ್ದಕ್ಕೆ ಕಾರಣವೂ ಅದೇ ಎಂಬುದನ್ನು ಅವರು ಹೋಗಿದ್ದ ದಿನಾಂಕಗಳನ್ನು ಕೇಳಿ, ಹಳೆಯ ಪಂಚಾಂಗವನ್ನು ತೆಗೆದು ತೋರಿಸಿದೆ. ಆಗ ಅವರು ಮಾತಾಡಲಿಲ್ಲ.

2024ರಲ್ಲಿ ಮಾಘ ಬಹುಳ ಅಮಾವಾಸ್ಯೆಯು ಮಾರ್ಚ್ 10ರಂದು ಬಿತ್ತು. ಅಷ್ಟರೊಳಗೆ ನಮ್ಮ ಸುಲಿತವೂ ಮುಗಿದಿರುತ್ತದೆ, ಈಶಾನ್ಯ ಮಾರುತದ ಮಳೆಯೂ ಕಳೆದಿರುತ್ತದೆ, ಮೇ ತಿಂಗಳ ಮಳೆಗೂ ಇನ್ನೂ ದೂರ. ಅಮಾವಾಸ್ಯೆಯನ್ನೇ ಆರಿಸಿಕೊಂಡದ್ದಕ್ಕೆ ಇನ್ನೊಂದು ಕಾರಣವಿತ್ತು. ಕತ್ತಲ ರಾತ್ರಿಗಳಲ್ಲಿ ಅಲ್ಲಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನೀರಿನಲ್ಲಿ ಹುಟ್ಟು ಹಾಕಿದರೆ ಸೂಕ್ಷ್ಮಜೀವಿಗಳು ನೀಲಿಯಾಗಿ ಮಿನುಗುತ್ತವೆ. ಬೆಳದಿಂಗಳಿದ್ದರೆ ಅದು ಕಣ್ಣಿಗೆ ಬೀಳುವುದಿಲ್ಲ. ಹೋಳಿ ಹುಣ್ಣಿಮೆಯ ರಜೆಗೆ ಹೋದವರು ಅದನ್ನು ನೋಡದೆ ಬಂದು, ಅದೆಲ್ಲ ಸುಳ್ಳು ಎನ್ನುತ್ತಾರೆ.

ಹೊರಡುವ ಮೊದಲು ಮಾಡಿದ ಕೆಲವು ಪ್ರಯೋಗಗಳನ್ನು ಇಲ್ಲಿ ಹೇಳಬೇಕು. ಅಮ್ಮನಿಗೆ ಹಡಗಿನ ಪ್ರಯಾಣ ತಡೆಯುತ್ತದೆಯೇ ಎಂಬುದು ದೊಡ್ಡ ಪ್ರಶ್ನೆಯಾಗಿತ್ತು. ಮೊದಲು ಹೊಳೆಬಾಗಿಲಿನಿಂದ ಸಿಗಂದೂರಿಗೆ ಲಾಂಚಿನಲ್ಲಿ ಕರೆದುಕೊಂಡು ಹೋದೆ. ಶರಾವತಿಯ ಹಿನ್ನೀರಿನಲ್ಲಿ ಅಲೆಯೇ ಇಲ್ಲವಾದ್ದರಿಂದ ಆ ಪರೀಕ್ಷೆಯಿಂದ ಏನೂ ತಿಳಿಯಲಿಲ್ಲ. ಜನವರಿಯಲ್ಲಿ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಯಲ್ಲಿ ಹೋದಾಗ ಅರ್ಧ ಗಂಟೆಯೊಳಗೆ ಅಮ್ಮ ಎರಡು ಬಾರಿ ವಾಂತಿ ಮಾಡಿಕೊಂಡರು. ಹಿಂದಿರುಗುವಾಗ ಒಣಶುಂಠಿ ಬಾಯಲ್ಲಿಟ್ಟುಕೊಂಡು, ದೋಣಿಯ ನಡುವೆ ಕುಳಿತು, ದಿಗಂತವನ್ನೇ ನೋಡುತ್ತಾ ಬಂದರೆ ಒಂದು ಬಾರಿಯೂ ಆಗಲಿಲ್ಲ. ಅದರಿಂದ ಎರಡು ಪಾಠ ಸಿಕ್ಕಿದವು. ಅಮ್ಮನಿಗೆ ನಮ್ಮ ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಹಡಗು ಹತ್ತುವ ಒಂದು ಗಂಟೆ ಮೊದಲೇ ಕೊಡಬೇಕು; ಮತ್ತು ಮುಚ್ಚಿದ ಗಾಜಿನ, ಎಸಿ ಇರುವ ಖಾಸಗಿ ಹಡಗಿಗಿಂತ ಹೊರಗೆ ನಿಂತು ಗಾಳಿ ಪಡೆಯಲು ಅವಕಾಶವಿರುವ ಸರ್ಕಾರಿ ಹಡಗೇ ಅವರಿಗೆ ಒಳ್ಳೆಯದು. ಸರ್ಕಾರಿ ಹಡಗು ಒಂದು ಗಂಟೆ ಹೆಚ್ಚು ತೆಗೆದುಕೊಳ್ಳಬಹುದು, ಆದರೆ ಆಗ ಅದರ ದರವು ಖಾಸಗಿಯದಕ್ಕಿಂತ ಬಹಳ ಕಡಿಮೆಯಿತ್ತು. ನೀರಿನೊಳಗೆ ನೋಡುತ್ತಾ ಈಜಲು ಬೇಕಾದ ಮುಖವಾಡ ಮತ್ತು ಉಸಿರುನಳಿಗೆಯನ್ನು (ಸ್ನಾರ್ಕೆಲ್) ಮಗಳು ಮೊದಲು ನಮ್ಮ ತೋಟದ ಕೆರೆಯಲ್ಲಿ, ಆಮೇಲೆ ಮುರ್ಡೇಶ್ವರದಿಂದ ನೇತ್ರಾಣಿಗೆ ಹೋಗಿ ಅಭ್ಯಾಸ ಮಾಡಿಕೊಂಡಳು. ಅಲ್ಲಿ ಬಾಡಿಗೆಗೆ ಸಿಗುವ ಮುಖವಾಡಗಳು ಸೋರುತ್ತವೆಂಬುದು ತಿಳಿದದ್ದರಿಂದ 1,400 ರೂಪಾಯಿಗೆ ಸ್ವಂತದ್ದೊಂದನ್ನು ಕೊಂಡೆವು. ಆ ಹಣ ಮೊದಲ ದಿನವೇ ಹುಟ್ಟಿತೆಂದು ಹೇಳಬಹುದು.

ಅಲ್ಲಿಯ ಕಡಲತೀರದಲ್ಲಿ ಕಚ್ಚುವ ಮರಳುನೊಣದ ಕಾಟಕ್ಕೆ ನಾನು ಮೂರು ಎಣ್ಣೆಗಳನ್ನು ಮಾಡಿಕೊಂಡು ಹೋಗಿದ್ದೆ. ಅಂಗಡಿಯ ಸೊಳ್ಳೆ ಮುಲಾಮು ಆ ನೊಣಕ್ಕೆ ನಮ್ಮಲ್ಲಿ ಅಷ್ಟಾಗಿ ನಾಟಲಿಲ್ಲ. ದಪ್ಪವಾಗಿ ಕೊಬ್ಬರಿ ಎಣ್ಣೆ ಹಚ್ಚಿದರೆ ಆ ಸಣ್ಣ ನೊಣ ಚರ್ಮವನ್ನು ಮುಟ್ಟುವ ಮೊದಲೇ ಎಣ್ಣೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ನಮ್ಮ ಹಿತ್ತಿಲಿನ ಎರಡು ಎಲೆಗಳನ್ನು ಹಾಕಿ ಕಾಯಿಸಿದ ಮೂರನೆಯ ಎಣ್ಣೆ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಮಗಳಿಗೆ ಎಂಟು ದಿನದಲ್ಲಿ ಐದಾರು ಕಡಿತಗಳಷ್ಟೇ ಆದವು, ಪಕ್ಕದ ಕೋಣೆಯವರ ಕಾಲು ಕೆಂಪಗೆ ಊದಿತ್ತು. ಯಾವ ಎಲೆ, ಎಷ್ಟು ಎಂಬುದನ್ನು ಇನ್ನೊಂದು ವರ್ಷ ಪರೀಕ್ಷಿಸುವವರೆಗೆ ಬರೆಯುವುದಿಲ್ಲ.

ಪ್ರವಾಸ ಸಾಗಿದ್ದು ಹೀಗೆ. 9ರಂದು ಬೆಂಗಳೂರಿನಿಂದ ಬೆಳಗಿನ ವಿಮಾನ. ಮಧ್ಯಾಹ್ನ ಸೆಲ್ಯುಲರ್ ಜೈಲು ನೋಡಿದೆವು. 1906ರಲ್ಲಿ ಕಟ್ಟಿ ಮುಗಿಸಿದ ಆ ಕೋಣೆಗಳ ಮುಂದೆ ಅಮ್ಮ ಬಹಳ ಹೊತ್ತು ನಿಂತಿದ್ದರು. 10ರ ಬೆಳಿಗ್ಗೆ ಹ್ಯಾವ್ಲಾಕಿಗೆ (2018ರಿಂದ ಅದರ ಹೆಸರು ಸ್ವರಾಜ್ ದ್ವೀಪ) ಖಾಸಗಿ ಹಡಗು ಹಿಡಿದೆವು. ಖಾಸಗಿಯವರ ಟಿಕೆಟ್ ತಿಂಗಳುಗಟ್ಟಲೆ ಮೊದಲು ಸಿಗುತ್ತದೆ, ಸರ್ಕಾರಿಯದು ಕೆಲವೇ ದಿನ ಮೊದಲು ತೆರೆಯುತ್ತದೆ. ಆದ್ದರಿಂದ ಹೋಗುವ ದಾರಿಗೆ ಖಾಸಗಿ, ಬರುವ ದಾರಿಗೆ ಸರ್ಕಾರಿ ಎಂದು ಹೊಂದಿಸಿದ್ದೆ. ಕೌಂಟರಿನಲ್ಲಿ ನಾಲ್ಕೂ ಸರ್ಕಾರಿ ಟಿಕೆಟ್ ಒಟ್ಟಿಗೆ ಸಿಗುವಂತೆ ನಾನು ಮಾಡಿಕೊಂಡ ಏರ್ಪಾಡೊಂದಿದೆ, ಅದನ್ನು ಎಲ್ಲರೂ ಮಾಡತೊಡಗಿದರೆ ಅದು ನಡೆಯುವುದು ನಿಲ್ಲುತ್ತದೆ.

ಅಲ್ಲಿ ಗಡಿಯಾರ ನಮ್ಮದೇ, ಸೂರ್ಯ ನಮ್ಮವನಲ್ಲ. ಮಾರ್ಚಿನಲ್ಲಿ ಬೆಳಿಗ್ಗೆ ಐದೂವರೆಗೆ ಸೂರ್ಯೋದಯ, ಸಂಜೆ ಐದೂವರೆಗೆ ಸೂರ್ಯಾಸ್ತ. ಇದನ್ನು ಮರೆತು ಎಂಟಕ್ಕೆ ಏಳುವವರು ದಿನದ ಎರಡೂವರೆ ಗಂಟೆ ಬೆಳಕನ್ನು ಕಳೆದುಕೊಳ್ಳುತ್ತಾರೆ. ನಾವು ನಾಲ್ಕೂವರೆಗೆ ಎದ್ದು ರಾತ್ರಿ ಎಂಟಕ್ಕೆ ಮಲಗಿದೆವು.

ರಾಧಾನಗರದ ಕಡಲತೀರ ಪಶ್ಚಿಮಕ್ಕಿದೆ, ಹ್ಯಾವ್ಲಾಕಿನ ಬಂದರಿನಿಂದ 12 ಕಿಲೋಮೀಟರ್ ಸುಮಾರು, ಸರ್ಕಾರಿ ಬಸ್ಸೂ ಹೋಗುತ್ತದೆ. ಕಾಡು ನೇರವಾಗಿ ಮರಳಿನ ಮೇಲೆ ಬಂದು ನಿಂತಿರುವುದನ್ನು ಅಲ್ಲಿ ನೋಡಬೇಕು. ಮಲೆನಾಡಿನವರಾದ ನಮಗೆ ಕಾಡೂ ಗೊತ್ತು, ಗೋಕರ್ಣ ಮುರ್ಡೇಶ್ವರಗಳ ಸಮುದ್ರವೂ ಗೊತ್ತು, ಎರಡೂ ಹೀಗೆ ಒಂದಕ್ಕೊಂದು ತಾಗಿಕೊಂಡಿರುವುದು ಗೊತ್ತಿರಲಿಲ್ಲ. ನಮ್ಮ ಹೊನ್ನೆಯ ದಾಯಾದಿಯಾದ ಪಡೌಕ್ ಮರಗಳನ್ನು ಅಮ್ಮ ಎಲೆಯಿಂದಲೇ ಗುರುತಿಸಿದರು. ಅಮಾವಾಸ್ಯೆಯ ಸಂಜೆ ನೀರು ಇಳಿದು ಮರಳು ವಿಶಾಲವಾಗಿ ಬಿಟ್ಟುಕೊಟ್ಟಿದ್ದರಿಂದ ಅವರು ಕೋಲಿಲ್ಲದೆ ಒಂದು ಕಿಲೋಮೀಟರ್ ನಡೆದರು. ಆ ತೀರದ ಬಲತುದಿಯ ಲಗೂನಿನ ಕಡೆಗೆ ಮಾತ್ರ ಮಗಳನ್ನು ಬಿಡಲಿಲ್ಲ. ಉಪ್ಪುನೀರಿನ ಮೊಸಳೆ ಅಂಡಮಾನಿನಲ್ಲಿ ನಿಜವಾಗಿಯೂ ಇದೆ, 2010ರಲ್ಲಿ ಅಲ್ಲಿಯೇ ಒಬ್ಬ ವಿದೇಶಿ ಮಹಿಳೆ ಅದರ ಬಾಯಿಗೆ ಸಿಕ್ಕಿ ಸತ್ತಿದ್ದಾರೆ. ಜೀವರಕ್ಷಕರು ಗುರುತಿಸಿದ ಜಾಗದಲ್ಲಿಯೇ ನೀರಿಗಿಳಿಯಬೇಕು.

11ರ ರಾತ್ರಿ ಮಗಳೂ ನಾನೂ ಕಾಂಡ್ಲಾ ಕಾಡಿನೊಳಗೆ ಕಯಾಕಿನಲ್ಲಿ ಹೋದೆವು. ಇಬ್ಬರಿಗೆ 6 ಸಾವಿರ, ನನ್ನ ಪಾಲಿಗೆ ಇಡೀ ಪ್ರವಾಸದಲ್ಲಿ ಅತ್ಯಂತ ಸಾರ್ಥಕವಾದ ವೆಚ್ಚ. ಕೈಯನ್ನು ನೀರಿಗೆ ಅದ್ದಿ ಎತ್ತಿದರೆ ಬೆರಳಿನಿಂದ ಬೆಳಕು ತೊಟ್ಟಿಕ್ಕಿತು. 12ರಂದು ಮಗಳೂ ಹೆಂಡತಿಯೂ ಆಮ್ಲಜನಕದ ಸಿಲಿಂಡರೆಂದು ಜನ ತಪ್ಪಾಗಿ ಕರೆಯುವ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಮುಳುಗಿ ಈಜಿದರು (ಸ್ಕೂಬಾ ಡೈವಿಂಗ್), ಇಬ್ಬರಿಗೆ ಸುಮಾರು 8,500. ಮುಳುಗಿದ ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ಆದ್ದರಿಂದ ಇದನ್ನು ಪ್ರವಾಸದ ಮೊದಲ ಭಾಗದಲ್ಲಿಯೇ ಇಟ್ಟಿದ್ದೆ. ಏಜೆಂಟರ ಪಟ್ಟಿಯಲ್ಲಿ ಅದು ಹೊರಡುವ ಹಿಂದಿನ ದಿನ ಸಂಜೆಗಿತ್ತು.

ಬಾರಾಟಾಂಗ್ ದ್ವೀಪದ ಸುಣ್ಣಕಲ್ಲಿನ ಗುಹೆಗಳಿಗೆ ನಾವು ಹೋಗಲಿಲ್ಲ. ಆ ರಸ್ತೆ ಅಲ್ಲಿಯ ಆದಿವಾಸಿಗಳಾದ ಜಾರವಾ ಜನರ ಮೀಸಲು ಕಾಡಿನೊಳಗೆ ಹೋಗುತ್ತದೆ. ಅಲ್ಲಿ ಆ ರಸ್ತೆಯನ್ನು ಮುಚ್ಚಬೇಕೆಂದು 2002ರಲ್ಲಿ ಸುಪ್ರೀಂ ಕೋರ್ಟೇ ಹೇಳಿತ್ತು. ವಾಹನಗಳ ಸಾಲಿನಲ್ಲಿ ಕುಳಿತು ಮನುಷ್ಯರನ್ನು ಇಣುಕಿ ನೋಡಲು ಹೋಗುವುದು ನನಗೆ ಒಪ್ಪಿಗೆಯಾಗಲಿಲ್ಲ. ಗುಹೆ ನೋಡದೆ ಬಂದಿರಲ್ಲ ಎಂದು ಕೇಳಿದವರಿಗೆಲ್ಲ ಇದನ್ನೇ ಹೇಳಿದ್ದೇನೆ.

13 ಮತ್ತು 14ರ ರಾತ್ರಿಗಳು ನೀಲ್ ದ್ವೀಪದಲ್ಲಿ ಕಳೆದವು. 14ರ ಬೆಳಿಗ್ಗೆ ಆರಕ್ಕೆ ಲಕ್ಷ್ಮಣಪುರದ ಕಲ್ಲಿನ ಸೇತುವೆಯ ಬುಡಕ್ಕೆ ಹೋದಾಗ ನೀರು ಪೂರ್ತಿ ಇಳಿದಿತ್ತು, ಬಂಡೆಯ ಗುಂಡಿಗಳಲ್ಲಿ ಮೀನು, ಏಡಿ, ಸಮುದ್ರ ಸೌತೆ ಎಲ್ಲವೂ ಕಂಡವು, ನಮ್ಮನ್ನು ಬಿಟ್ಟರೆ ಅಲ್ಲಿ ಇನ್ನೊಂದು ಕುಟುಂಬ ಮಾತ್ರ. ಪಟ್ಟಿಯೂ ಪಂಚಾಂಗವೂ ಹೇಳಿದ ಹೊತ್ತು ಕಾಲು ಗಂಟೆಯೂ ತಪ್ಪಲಿಲ್ಲ. ಊಟದ ಮಾತು ಹೇಳುವುದಾದರೆ, ಪೂರ್ವ ಬಂಗಾಳದಿಂದ ಬಂದು ನೆಲೆಸಿದವರ ಊರುಗಳವು, ಮೀನೇ ಪ್ರಧಾನ. ಅಮ್ಮನಿಗಾಗಿ ಅವಲಕ್ಕಿ, ಚಟ್ನಿಪುಡಿ, ಅಪ್ಪೆಮಿಡಿಯ ಉಪ್ಪಿನಕಾಯಿ ಒಯ್ದಿದ್ದೆವು; ಅನ್ನ ಮತ್ತು ತರಕಾರಿ ಪಲ್ಯವನ್ನು ವಸತಿಯ ಮನೆಯವರೇ ಬೇರೆ ಪಾತ್ರೆಯಲ್ಲಿ ಮಾಡಿಕೊಟ್ಟರು. ಅವರ ಹಿತ್ತಿಲಿನಲ್ಲಿ ತೆಂಗಿನ ನಡುವೆ ಅಡಿಕೆ ಇತ್ತು. ಮರಗಳ ಅಂತರ ಬಹಳ ಕಡಿಮೆಯಾಗಿದೆ ಎಂದು ನಾನು ಹೇಳಿದ್ದನ್ನು ಆ ಮನೆಯ ಹಿರಿಯರು ಗಮನವಿಟ್ಟು ಕೇಳಿದರು.

15ರ ಮಧ್ಯಾಹ್ನ ಬಂದರಿಗೆ ಹೋದಾಗ ನಮ್ಮ ಹಡಗು ಅಂದು ಹೊರಡುವುದಿಲ್ಲವೆಂದು ತಿಳಿಯಿತು. ಅದೇ ಸಂಜೆ ವಿಮಾನ ಹಿಡಿಯಬೇಕಾಗಿದ್ದ ಎರಡು ಕುಟುಂಬಗಳು ಅಲ್ಲಿ ಪಟ್ಟ ಪಾಡನ್ನು ನೋಡಲಾಗಲಿಲ್ಲ. ನಾವು ಅದೇ ಮನೆಗೆ ಹಿಂದಿರುಗಿ, 1,800 ರೂಪಾಯಿಗೆ ಇನ್ನೊಂದು ರಾತ್ರಿ ಉಳಿದು, ಮರುದಿನದ ಹಡಗಿನಲ್ಲಿ ಪೋರ್ಟ್ ಬ್ಲೇರ್ ಸೇರಿದೆವು. ಆ ಊರಿನ ಎದುರಿಗಿರುವ ರಾಸ್ ದ್ವೀಪವನ್ನು ನೋಡುವುದು ತಪ್ಪಿತು, 17ರ ವಿಮಾನ ತಪ್ಪಲಿಲ್ಲ.

ನೆನಪಿನಿಂದ ಲೆಕ್ಕ ಹೇಳುವುದಾದರೆ, ವಿಮಾನ 52 ಸಾವಿರ, ಹಡಗು 11, ವಸತಿ 35, ಊಟ 14, ಸ್ಥಳೀಯ ವಾಹನ 9, ಕಯಾಕು ಮತ್ತು ಮುಳುಗುವುದು ಸೇರಿ 14 ಸಾವಿರದ ಮೇಲೆ ಸ್ವಲ್ಪ. ಒಟ್ಟು 1 ಲಕ್ಷ 36 ಸಾವಿರದ ಸುಮಾರು, 8 ರಾತ್ರಿಗೆ. ಮೊದಲ ಬಾರಿ ಕಳೆದುಕೊಂಡ 30 ಸಾವಿರವನ್ನು ಸೇರಿಸಿದರೂ ಏಜೆಂಟರ 5 ರಾತ್ರಿಯ ದರಕ್ಕಿಂತ 44 ಸಾವಿರ ಕಡಿಮೆ. ಭಾವನವರು ಒಯ್ದ ಪುಸ್ತಕ ಇನ್ನೂ ಹಿಂದಿರುಗಿಲ್ಲ. ಉತ್ತರ ಅಂಡಮಾನಿನ ಡಿಗ್ಲಿಪುರದ ಕಡೆಗೆ ಹೋಗಲು ಬರುವ ವರ್ಷದ ಪಂಚಾಂಗವನ್ನು ತರಿಸಿ, ಹೊಸ ಪುಸ್ತಕದಲ್ಲಿ ತಿಥಿಗಳನ್ನು ಗುರುತು ಮಾಡಲು ಆರಂಭಿಸಿದ್ದೇನೆ.